ಬಾನಿನಲ್ಲಿ ಮಡಿದವರ ಕಲ್ಲು

ನಮ್ಮ ನಾಡಿನ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆಯೋ ಗುಡಿಯ ಮಗ್ಗುಲಲ್ಲಿಯೋ ಅರ್ಧ ಹೂತುಹೋದ ವೀರಗಲ್ಲೊಂದನ್ನು ಕಾಣದ ವಾಚಕರು ವಿರಳವೆಂದೇ ಹೇಳಬೇಕು. ಅದರ ರಚನೆ ಎಲ್ಲರಿಗೂ ತಿಳಿದದ್ದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಮತ್ತು ಸೂರ್ಯಚಂದ್ರರು. ಮೇಲಿನ ಪಟ್ಟಿಕೆ ಎಷ್ಟೇ ಶಾಂತವಾಗಿರಲಿ, ಕೆಳಗಿನದನ್ನು ಶಿಲ್ಪಿ ಮರೆಮಾಚುತ್ತಿರಲಿಲ್ಲ. ಸತ್ತವನು ಏನು ಮಾಡುತ್ತ ಸತ್ತನೆಂಬುದನ್ನು, ಎಷ್ಟೋ ಸಲ ಅವನ ಕಾಲಡಿ ಬಿದ್ದವರನ್ನೂ ಸೇರಿಸಿ, ಕೆತ್ತಿಯೇ ತೀರುತ್ತಿದ್ದನು.

ಬ್ರಿಟಿಷ್ ಜನತೆ ತನ್ನ ಒಂದು ವರ್ಗದ ವೀರರಿಗೆ ರಾಜಧಾನಿಯಲ್ಲಿ ಕಲ್ಲು ನಿಲ್ಲಿಸಲು ಅರುವತ್ತೇಳು ವರ್ಷಗಳನ್ನು ತೆಗೆದುಕೊಂಡಿತು. ಯುದ್ಧ ಮುಗಿದದ್ದು 1945ರಲ್ಲಿ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ಸ್ಮಾರಕವನ್ನು ಎಲಿಜಬೆತ್ ರಾಣಿ ಅನಾವರಣ ಮಾಡಿದ್ದು 2012ರ ಜೂನ್ 28ರಂದು. ಹಣವಿರಲಿಲ್ಲವೆಂದಲ್ಲ, ಶಿಲ್ಪಿಗಳಿರಲಿಲ್ಲವೆಂದೂ ಅಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಏನನ್ನು ಕೆತ್ತಬೇಕೆಂಬುದು ಆ ದೇಶಕ್ಕೆ ತಿಳಿಯದೆ ಹೋಯಿತು ಎಂಬುದೇ ನನ್ನ ಅಭಿಪ್ರಾಯ.

ಮೊದಲು ಮಡಿದವರ ಲೆಕ್ಕವನ್ನು ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ರಾಯಲ್ ಏರ್‌ಫೋರ್ಸಿನ ಬಾಂಬರ್ ಕಮಾಂಡಿನಲ್ಲಿ ಹಾರಾಟದ ಕೆಲಸಕ್ಕೆ ನಿಂತವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಮಂದಿ ಅಸುನೀಗಿದರು. ಹತ್ತು ಸಾವಿರಕ್ಕೆ ಸಮೀಪದಷ್ಟು ಮಂದಿ ಸೆರೆಸಿಕ್ಕರು. ಎಲ್ಲರೂ ಸ್ವಇಚ್ಛೆಯಿಂದ ಮುಂದೆ ಬಂದವರು. ಬಲಾತ್ಕಾರವಾಗಿ ಯಾರನ್ನೂ ವಿಮಾನ ಹತ್ತಿಸಿದ್ದಿಲ್ಲ. ಸತ್ತವರ ಸರಾಸರಿ ವಯಸ್ಸು ಇಪ್ಪತ್ತೆರಡು, ಇಪ್ಪತ್ತಮೂರರ ಆಸುಪಾಸು. ನಮ್ಮಲ್ಲಿ ಆ ವಯಸ್ಸಿನ ಹುಡುಗನಿಗೆ ಕೆಲಸ ಸಿಕ್ಕಿತೆ, ಹೆಣ್ಣು ಗೊತ್ತಾಯಿತೆ ಎಂದು ನೆಂಟರು ಕೇಳಲು ತೊಡಗಿರುತ್ತಾರೆ, ಅಷ್ಟೆ. ಸತ್ತವರೆಲ್ಲರೂ ಇಂಗ್ಲೆಂಡಿನವರೂ ಅಲ್ಲ. ಕೆನಡಾದವರೇ ಹತ್ತಿರ ಹತ್ತಿರ ಹತ್ತು ಸಾವಿರ. ಆಸ್ಟ್ರೇಲಿಯದವರು ನಾಲ್ಕು ಸಾವಿರ. ನ್ಯೂಜಿಲೆಂಡಿನವರು, ತಮ್ಮ ದೇಶವನ್ನೇ ಕಳೆದುಕೊಂಡಿದ್ದ ಪೋಲೆಂಡಿನವರು ಬೇರೆ.

ಲ್ಯಾಂಕಾಸ್ಟರ್ ಎಂಬ ನಾಲ್ಕು ಎಂಜಿನ್ನಿನ ವಿಮಾನದಲ್ಲಿ ಏಳು ಮಂದಿ ಇರುತ್ತಿದ್ದರು: ಚಾಲಕ, ಎಂಜಿನಿಯರ್, ದಾರಿ ಲೆಕ್ಕಹಾಕುವ ನ್ಯಾವಿಗೇಟರ್, ಬಾಂಬು ಗುರಿಯಿಡುವವನು, ವೈರ್‌ಲೆಸ್ಸಿನವನು, ಬೆನ್ನಿನ ಮೇಲೊಬ್ಬ ಹಾಗೂ ಬಾಲದಲ್ಲೊಬ್ಬ ಬಂದೂಕುಗಾರ. ಈ ತಂಡಗಳು ಕೂಡುತ್ತಿದ್ದ ರೀತಿ ವಿಚಿತ್ರವಾದುದು. ತರಬೇತಿ ಪಡೆದವರನ್ನೆಲ್ಲ ಒಂದು ದೊಡ್ಡ ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದು ಹೇಳುತ್ತಿದ್ದರು. ಪ್ರತಿಯೊಂದಕ್ಕೂ ನಮೂನೆ ತುಂಬಿಸಿಕೊಳ್ಳುವ ಸೇನಾಡಳಿತ ಈ ಒಂದು ವಿಷಯದಲ್ಲಿ ಮಾತ್ರ ಸ್ವಯಂವರಕ್ಕೆ ಶರಣಾಗಿತ್ತು. ಮುಖ ನೋಡಿ, ನಗೆ ನೋಡಿ, ಕೈಕುಲುಕಿ, ಅರ್ಧ ಗಂಟೆಯಲ್ಲಿ ಆದ ಆ ಸಂಬಂಧವು ಅಣ್ಣತಮ್ಮಂದಿರ ಸಂಬಂಧಕ್ಕಿಂತ ಗಟ್ಟಿಯಾಗುತ್ತಿತ್ತೆಂದು ಬದುಕಿ ಬಂದವರು ಹೇಳಿದ್ದಾರೆ.

ಒಂದು ಸರದಿಗೆ ಮೂವತ್ತು ದಾಳಿಗಳು. ಅಷ್ಟು ಮುಗಿಸಿದವನಿಗೆ ಕೆಲಕಾಲ ಬಿಡುವು. ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಕೆಟ್ಟ ದಿನಗಳಲ್ಲಿ ಪ್ರತಿ ದಾಳಿಗೆ ನೂರಕ್ಕೆ ಐದು ವಿಮಾನಗಳು ಹಿಂದಿರುಗುತ್ತಿರಲಿಲ್ಲ. ನೂರಕ್ಕೆ ಐದೆಂದರೆ ಅಲ್ಪವೆಂದು ತೋರಬಹುದು. ಬಡ್ಡಿಯ ದರವೂ ಹಾಗೆಯೇ ತೋರುತ್ತದೆ. ನೂರು ತಂಡಗಳು ಹೊರಟು ಪ್ರತಿ ಸಲವೂ ಉಳಿದವುಗಳಲ್ಲಿ ಇಪ್ಪತ್ತನೆಯ ಒಂದು ಪಾಲು ಕಳೆಯುತ್ತ ಹೋದರೆ, ಮೂವತ್ತನೆಯ ದಾಳಿಯನ್ನು ಮುಗಿಸಿ ಬರುವವು ಇಪ್ಪತ್ತೊಂದೇ. ಆ ಹುಡುಗರಲ್ಲಿ ಹಲವರು ಗಣಿತದಲ್ಲಿ ಜಾಣರೆಂದೇ ಆಯ್ಕೆಯಾದವರು. ಈ ಲೆಕ್ಕವನ್ನು ಅವರಿಂದ ಬಚ್ಚಿಡುವುದು ಸಾಧ್ಯವಿರಲಿಲ್ಲ. ಬೆಳಗ್ಗೆ ಊಟದ ಮನೆಯಲ್ಲಿ ಬರಿದಾದ ಕುರ್ಚಿಗಳೇ ಅದನ್ನು ಹೇಳುತ್ತಿದ್ದವು. ತಾಳಲಾರದೆ ಇನ್ನು ಹಾರಲಾರೆನೆಂದವನ ಕಾಗದಪತ್ರದ ಮೇಲೆ ಮನೋಸ್ಥೈರ್ಯವಿಲ್ಲದವನು ಎಂಬ ಅರ್ಥದ ಮುದ್ರೆಯನ್ನೊತ್ತಿ ಹೊರಗೆ ಕಳುಹಿಸುತ್ತಿದ್ದರು. ಇಪ್ಪತ್ತು ದಾಳಿ ಮಾಡಿದವನಿಗೂ ಅದೇ ಮುದ್ರೆ ಬೀಳುವುದುಂಟಾಗಿತ್ತು. ಸೇನಾಡಳಿತದ ಕ್ರೌರ್ಯಗಳಲ್ಲಿ ಇದು ಸಣ್ಣದೆಂದು ನನಗೆ ತೋರುವುದಿಲ್ಲ.

ಇನ್ನೊಂದು ಸಂಗತಿ, ಎರಡು ಅಂಗುಲದ್ದು. ಮುಂದೆ ಭೌತವಿಜ್ಞಾನಿಯೆಂದು ಜಗತ್ಪ್ರಸಿದ್ಧನಾದ ಫ್ರೀಮನ್ ಡೈಸನ್ ಆಗ ಇಪ್ಪತ್ತರ ಹರೆಯದಲ್ಲಿ ಬಾಂಬರ್ ಕಮಾಂಡಿನ ಕಚೇರಿಯಲ್ಲಿ ಅಂಕಿಸಂಖ್ಯೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದನು. ಪೆಟ್ಟು ತಿಂದ ಹ್ಯಾಲಿಫ್ಯಾಕ್ಸ್ ವಿಮಾನದಿಂದ ಪ್ಯಾರಾಷೂಟ್ ಕಟ್ಟಿಕೊಂಡು ಹೊರಬಿದ್ದು ಬದುಕುವವರು ನಾಲ್ವರಲ್ಲಿ ಒಬ್ಬರಾದರೆ, ಲ್ಯಾಂಕಾಸ್ಟರಿನಿಂದ ಬದುಕುವವರು ನೂರಕ್ಕೆ ಹದಿನೈದು ಮಂದಿ ಮಾತ್ರ ಎಂಬುದನ್ನು ಅವನು ಕಂಡನು. ಕಾರಣವೇನು? ಹ್ಯಾಲಿಫ್ಯಾಕ್ಸಿನ ಹೊರದಾರಿಯ ಬಾಗಿಲಗಲ ಇಪ್ಪತ್ತನಾಲ್ಕು ಅಂಗುಲ, ಲ್ಯಾಂಕಾಸ್ಟರಿನದು ಇಪ್ಪತ್ತೆರಡು. ದಪ್ಪ ಉಡುಪು, ಎದೆಗೆ ಕಟ್ಟಿದ ಪ್ಯಾರಾಷೂಟು, ತಲೆಕೆಳಗಾಗಿ ಉರುಳುತ್ತಿರುವ ವಿಮಾನ, ಸುತ್ತ ಕತ್ತಲೆ. ಆ ಎರಡು ಅಂಗುಲದ ಕೊರತೆಗೆ ಸಾವಿರಾರು ಪ್ರಾಣಗಳು ಹೋದವು. ಬಾಗಿಲನ್ನು ಅಗಲ ಮಾಡಿಸಬೇಕೆಂದು ಅವನ ಸಹೋದ್ಯೋಗಿಯೊಬ್ಬನು ಪಟ್ಟುಹಿಡಿದು ಬರೆದನು. ಕಾಗದವು ಮೇಜಿನಿಂದ ಮೇಜಿಗೆ ಸರಿದು ಒಪ್ಪಿಗೆಯಾಗಿ ಹೊಸ ಬಾಗಿಲು ಬರುವಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು. ಕಚೇರಿಗಳ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ನಗುವುದಕ್ಕೂ ಇಲ್ಲಿ ಮನಸ್ಸು ಬಾರದು.

1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗಿಗೆ 795 ವಿಮಾನಗಳು ಹೊರಟವು. ಬೆಳುದಿಂಗಳ ರಾತ್ರಿ, ಮೋಡದ ಮರೆ ಸಿಗಲಿಲ್ಲ. ನೇರವಾದ ಉದ್ದನೆಯ ದಾರಿಯುದ್ದಕ್ಕೂ ಜರ್ಮನ್ ಫೈಟರ್ ವಿಮಾನಗಳು ಕಾದಿದ್ದವು. 95 ವಿಮಾನಗಳು ಹಿಂದಿರುಗಲಿಲ್ಲ. ಐನೂರಕ್ಕೂ ಮೀರಿದ ವೈಮಾನಿಕರು ಆ ಒಂದೇ ರಾತ್ರಿ ಮಡಿದರು. 1940ರ ಬ್ರಿಟನ್ ಕದನದ ತಿಂಗಳುಗಳುದ್ದಕ್ಕೂ ಮಡಿದ ಫೈಟರ್ ಚಾಲಕರ ಸಂಖ್ಯೆಯೂ ಹೆಚ್ಚುಕಡಮೆ ಇಷ್ಟೇ. ಆ ಫೈಟರ್ ಚಾಲಕರ ಹೆಸರಿನಲ್ಲಿ 1947ರಲ್ಲಿಯೇ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಬಣ್ಣದ ಗಾಜಿನ ಕಿಟಕಿ ಬೆಳಗಿತು. ಅವರು ಮನೆಯ ಮೇಲೆ ಬಂದ ಶತ್ರುವನ್ನು ಹೊಡೆದಟ್ಟಿದವರು. ಅವರ ಕೆಳಗಿನ ಪಟ್ಟಿಕೆಯನ್ನು ಕೆತ್ತಲು ಯಾರ ಕೈಯೂ ನಡುಗಬೇಕಾಗಿರಲಿಲ್ಲ. ಬಾಂಬರಿನವರ ವಿಷಯ ಹಾಗಲ್ಲ.

ಅವರು ಏನು ಮಾಡುತ್ತಿದ್ದರೆಂಬುದನ್ನು ಇನ್ನು ಹೇಳಲೇಬೇಕು. ಯುದ್ಧದ ಮೊದಲ ವರ್ಷಗಳಲ್ಲಿ ಅವರಿಗೆ ಗೊತ್ತುಮಾಡಿದ ಗುರಿಗಳು ಕಾರಖಾನೆ, ರೈಲ್ವೆ, ಬಂದರುಗಳು. ಆದರೆ ಹಗಲಿನಲ್ಲಿ ಹೋದರೆ ಉಳಿವಿಲ್ಲ. ಇರುಳಿನಲ್ಲಿ ಹೋದರೆ ಗುರಿ ಕಾಣದು. 1941ರಲ್ಲಿ ವಿಮಾನಗಳು ತೆಗೆದ ಛಾಯಾಚಿತ್ರಗಳನ್ನು ಪರೀಕ್ಷಿಸಿದಾಗ, ಗುರಿಯನ್ನು ಹೊಡೆದು ಬಂದೆವೆಂದವರಲ್ಲಿಯೂ ಮೂರರಲ್ಲಿ ಒಂದು ಪಾಲು ಮಾತ್ರ ಗುರಿಯ ಐದು ಮೈಲಿಯೊಳಗೆ ಮುಟ್ಟಿತ್ತೆಂದು ತಿಳಿಯಿತು. ಕಾರಖಾನೆ ಸಿಗದಿದ್ದರೆ ಊರು ಸಿಗುತ್ತದೆ ಎಂಬ ತರ್ಕ ಅಲ್ಲಿಂದ ಹುಟ್ಟಿತು. 1942ರ ಫೆಬ್ರವರಿ 14ರ ಆಜ್ಞೆಯಲ್ಲಿ ಶತ್ರುದೇಶದ ನಾಗರಿಕರ, ಅದರಲ್ಲಿಯೂ ಕೈಗಾರಿಕಾ ಕೆಲಸಗಾರರ ಧೈರ್ಯವನ್ನು ಮುರಿಯುವುದೇ ಉದ್ದೇಶವೆಂದು ಬರೆಯಲಾಯಿತು. ಕೆಲವೇ ದಿನಗಳಲ್ಲಿ ಆರ್ಥರ್ ಹ್ಯಾರಿಸ್ ದಳಪತಿಯಾಗಿ ಬಂದನು. ಆಜ್ಞೆಯನ್ನು ಬರೆದವನು ಅವನಲ್ಲ. ಆದರೆ ಅದನ್ನು ಅವನಷ್ಟು ನಿಷ್ಠೆಯಿಂದ ನಡೆಸಿದವರು ಇನ್ನೊಬ್ಬರಿಲ್ಲ.

1943ರ ಜುಲೈ 27ರ ಇರುಳು ಹ್ಯಾಂಬರ್ಗಿನಲ್ಲಿ ಬಿಸಿಗಾಳಿ, ಒಣಹವೆ. ಒತ್ತೊತ್ತಾಗಿದ್ದ ಕೆಲಸಗಾರರ ಮನೆಗಳ ಮೇಲೆ ಬೆಂಕಿಬಾಂಬುಗಳು ಬಿದ್ದು ಸಾವಿರ ಬೆಂಕಿಗಳು ಕೂಡಿ ಒಂದಾದವು. ಬೆಂಕಿಯೇ ಗಾಳಿಯನ್ನು ಸೆಳೆದು ಚಂಡಮಾರುತವಾಯಿತು. ನೆಲಮಾಳಿಗೆಗಳಲ್ಲಿ ಅಡಗಿದವರು ಉಸಿರಿಗೆ ಗಾಳಿಯಿಲ್ಲದೆ ಕುಳಿತಲ್ಲಿಯೇ ಸತ್ತರು. ಆ ವಾರದ ದಾಳಿಗಳಲ್ಲಿ ಸತ್ತ ನಾಗರಿಕರು ಮೂವತ್ತೈದು ಸಾವಿರಕ್ಕೂ ಹೆಚ್ಚು. ಬ್ರಿಟಿಷರು ಅಲ್ಲಿ ಕಳೆದುಕೊಂಡದ್ದು 87 ವಿಮಾನಗಳು. 1945ರ ಫೆಬ್ರವರಿ ನಡುವಿನಲ್ಲಿ ಡ್ರೆಸ್ಡನ್ ಸುಟ್ಟಿತು. ಅಲ್ಲಿ ಸತ್ತವರು ಇಪ್ಪತ್ತೈದು ಸಾವಿರದವರೆಗೆ ಎಂದು ಆ ನಗರವೇ ನೇಮಿಸಿದ ಇತಿಹಾಸಕಾರರ ಮಂಡಳಿ 2010ರಲ್ಲಿ ತೀರ್ಮಾನಿಸಿತು. ಲಕ್ಷಗಟ್ಟಲೆಯೆಂದು ಹಿಂದೆ ಹಬ್ಬಿದ ಅಂಕಿಗಳು ನಿಜವಲ್ಲ. ನಿಜವಾದ ಅಂಕಿಯೇ ಸಾಲದೆ?

ಡ್ರೆಸ್ಡನ್ನಿನ ಹೊಗೆ ಆರುವ ಮುನ್ನವೇ ಕೈತೊಳೆದುಕೊಳ್ಳುವ ಕೆಲಸ ಆರಂಭವಾಯಿತು. 1945ರ ಮಾರ್ಚ್ 28ರಂದು ಚರ್ಚಿಲ್ ಮಹಾಶಯನು ತನ್ನ ಸೇನಾಧಿಪತಿಗಳಿಗೆ ಟಿಪ್ಪಣಿಯೊಂದನ್ನು ಬರೆದು, ಬೇರೆ ನೆಪಗಳ ಮರೆಯಲ್ಲಿ ಭಯವನ್ನು ಹೆಚ್ಚಿಸಲೆಂದೇ ನಗರಗಳ ಮೇಲೆ ನಡೆಸುವ ದಾಳಿಯನ್ನು ಮರುಪರಿಶೀಲಿಸಬೇಕೆಂದನು. ದಾಳಿಗೆ ಒಪ್ಪಿಗೆಯಿತ್ತವನೇ ಹೀಗೆ ಬರೆದನೆಂದು ಸೇನಾಧಿಪತಿಗಳು ಕೆರಳಿದರು; ಟಿಪ್ಪಣಿಯನ್ನು ಹಿಂದೆಗೆದು ಮೃದುವಾದ ಮಾತುಗಳಲ್ಲಿ ಮತ್ತೆ ಬರೆಯಲಾಯಿತು. ಯುದ್ಧ ಮುಗಿದ ಮೇಲೆ ಬಾಂಬರ್ ಕಮಾಂಡಿಗೆ ಪ್ರತ್ಯೇಕ ಪದಕ ದೊರೆಯಲಿಲ್ಲ. ಹಳೆಯ ಪದಕದ ಪಟ್ಟಿಯ ಮೇಲೆ ಧರಿಸುವ ಸಣ್ಣದೊಂದು ಲೋಹದ ಗುರುತು ದೊರೆತದ್ದು 2013ರಲ್ಲಿ. ಅಷ್ಟರಲ್ಲಿ ಅದನ್ನು ಧರಿಸಬೇಕಾದವರಲ್ಲಿ ಹೆಚ್ಚಿನವರು ತೊಂಬತ್ತರ ಅಂಚಿನಲ್ಲಿದ್ದರು, ಇಲ್ಲವೆ ಇರಲೇ ಇಲ್ಲ. ಹ್ಯಾರಿಸನ ಪ್ರತಿಮೆಯನ್ನು 1992ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದಾಗ ಜನ ಅದರ ಮೇಲೆ ಕೆಂಪು ಬಣ್ಣ ಸುರಿದರು. ಅನಾವರಣಕ್ಕೆ ಆರಿಸಿದ ದಿನವಾದರೂ ಎಂಥದು! ಸಾವಿರ ವಿಮಾನಗಳು ಕಲೋನ್ ನಗರವನ್ನು ಸುಟ್ಟು ಸರಿಯಾಗಿ ಐವತ್ತು ವರ್ಷವಾದ ದಿನ. ಇಂಥ ದಿನವನ್ನು ಗೊತ್ತುಮಾಡುವವರಿಗೆ ಪಂಚಾಂಗ ಕೊಡಬಾರದು.

ಆದರೆ ಮನೆಯವರಿಗೆ ಈ ವಾದವಿವಾದಗಳಿಂದ ಆಗಬೇಕಾದದ್ದೇನು? ಅವರಿಗೆ ಬಂದದ್ದು ಒಂದು ತಂತಿ. ಮಗನು ದಾಳಿಗೆ ಹೋದವನು ಹಿಂದಿರುಗಿಲ್ಲವೆಂಬುದಷ್ಟೇ ಅದರಲ್ಲಿದ್ದ ಸುದ್ದಿ. ಯುದ್ಧ ಮುಗಿದಾಗ ರಾಯಲ್ ಏರ್‌ಫೋರ್ಸಿನಲ್ಲಿ ಎಲ್ಲ ರಂಗಗಳಲ್ಲಿಯೂ ಸೇರಿ ಹೀಗೆ ಕಾಣೆಯಾದವರು ಸುಮಾರು 42,000. ಅವರನ್ನು ಹುಡುಕಲೆಂದು ಒಂದು ವಿಶೇಷ ದಳ ಹೊರಟಿತು. ಅದರವರು ಊರೂರು ಅಲೆದು, ಪಾದ್ರಿಗಳನ್ನೂ ರೈತರನ್ನೂ ವಿಚಾರಿಸಿ, ಅನಾಮಧೇಯ ಗೋರಿಗಳನ್ನು ತೆರೆದು, ಎಂಜಿನ್ನಿನ ಮೇಲಿನ ಸಂಖ್ಯೆ, ಉಂಗುರದೊಳಗಿನ ಅಕ್ಷರ, ಅಂಗಿಯ ಕೊರಳಪಟ್ಟಿಯಲ್ಲಿ ಅಗಸನು ಹಾಕಿದ ಗುರುತು, ಇವುಗಳಿಂದ ಹೆಸರುಗಳನ್ನು ಪತ್ತೆಹಚ್ಚಿದರು. ನಮ್ಮ ದೋಬಿ ಮಾರ್ಕಿನಂಥದೇ. ಬಟ್ಟೆ ಅದಲುಬದಲಾಗದಿರಲೆಂದು ಹಾಕಿದ ಗುರುತು ಹೆಣ ಅದಲುಬದಲಾಗದಂತೆ ಕಾಯಿತು. ಹೀಗೆ ಸುಮಾರು 24,000 ಮಂದಿಗೆ ಹೆಸರುಳ್ಳ ಗೋರಿ ದೊರೆಯಿತು.

ಗೋರಿಯೂ ಇಲ್ಲದವರ ಹೆಸರುಗಳನ್ನು ಥೇಮ್ಸ್ ನದಿಯ ದಡದ ರನ್ನಿಮೀಡಿನ ಬೆಟ್ಟದ ಮೇಲೆ ಕಲ್ಲಿನಲ್ಲಿ ಕೊರೆದಿದ್ದಾರೆ. 1953ರ ಅಕ್ಟೋಬರ್ 17ರಂದು ತೆರೆದ ಆ ಸ್ಮಾರಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬಾಂಬರಿನವರೊಂದಿಗೆ ಇತರ ವಾಯುದಳಗಳವರೂ ಅಲ್ಲಿದ್ದಾರೆ. ಕನ್ನಡಿಗನು ಅಲ್ಲಿಗೆ ಹೋದರೆ ನೂರ್ ಇನಾಯತ್ ಖಾನಳ ಹೆಸರನ್ನು ಹುಡುಕಬೇಕು. ಅವಳು ಟಿಪ್ಪು ಸುಲ್ತಾನನ ವಂಶದ ಕುಡಿ. ವಾಯುಪಡೆಯ ಮಹಿಳಾ ದಳಕ್ಕೆ ಸೇರಿ, ಗುಪ್ತವಾಗಿ ಪ್ಯಾರಿಸ್ಸಿನಲ್ಲಿ ವೈರ್‌ಲೆಸ್ ನಡೆಸಿ, ಸೆರೆಸಿಕ್ಕು, 1944ರ ಸೆಪ್ಟೆಂಬರಿನಲ್ಲಿ ಡಾಖೌ ಶಿಬಿರದಲ್ಲಿ ಕೊಲೆಯಾದಳು. ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರ ವಿರುದ್ಧ ಸತ್ತವನ ಕುಲದವಳು ಇಂಗ್ಲಿಷರ ಕಲ್ಲಿನ ಮೇಲೆ ಹೆಸರಾಗಿ ನಿಂತಿದ್ದಾಳೆ.

ಈ ಯುದ್ಧಕ್ಕೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಇನ್ನೂ ಎರಡು ಮಾತು. ಬಾಂಬರ್ ಕಮಾಂಡಿನ 110ನೆಯ ಸ್ಕ್ವಾಡ್ರನ್ನಿನ ಹೆಸರಿಗೆ ಹೈದರಾಬಾದ್ ಎಂಬುದು ಅಂಟಿಕೊಂಡಿತ್ತು. 1918ರಲ್ಲಿ ಅದರ ಮೊದಲ ವಿಮಾನಗಳನ್ನು ಕಾಣಿಕೆಯಿತ್ತವನು ನಿಜಾಮನು. ಬೀದರ, ಕಲಬುರ್ಗಿ, ರಾಯಚೂರುಗಳ ಕಂದಾಯವೂ ಸೇರುತ್ತಿದ್ದ ಬೊಕ್ಕಸ ಅವನದು. 1939ರ ಸೆಪ್ಟೆಂಬರ್ 4ರಂದು ಬ್ರಿಟಿಷರು ಜರ್ಮನಿಯ ಯುದ್ಧನೌಕೆಗಳ ಮೇಲೆ ನಡೆಸಿದ ಮೊತ್ತಮೊದಲ ಬಾಂಬುದಾಳಿಯಲ್ಲಿ ಮುಂದೆ ಹೋದದ್ದು ಈ ದಳವೇ. ಅದರ ಐದು ವಿಮಾನಗಳಲ್ಲಿ ಒಂದು ಹಿಂದಿರುಗಲಿಲ್ಲ. ಹಿಂಬಾಲಿಸಿದ ಇನ್ನೊಂದು ದಳದ ಐದರಲ್ಲಿ ನಾಲ್ಕು ಬಿದ್ದವು. ಮೈಸೂರು ಸಂಸ್ಥಾನದ ಹಣದಿಂದ ಹೆಸರು ಪಡೆದ 129ನೆಯ ಫೈಟರ್ ಸ್ಕ್ವಾಡ್ರನ್ 1941ರಲ್ಲಿ ಹುಟ್ಟಿತು. ಅದರ ಲಾಂಛನ ನಮ್ಮ ಗಂಡಭೇರುಂಡ! ಫ್ರಾನ್ಸಿನ ಮೇಲೆ ಹಗಲುದಾಳಿಗೆ ಹೋಗುವ ಬಾಂಬರುಗಳಿಗೆ ಕಾವಲಾಗಿ ಆ ಎರಡು ತಲೆಯ ಹಕ್ಕಿ ಹಾರಿತು. ಇತ್ತ 1943ರ ಮಾರ್ಚಿನಲ್ಲಿ, ಅದೇ ಗಂಡಭೇರುಂಡದ ಮುದ್ರೆಯ ಸರ್ಕಾರ ಸ್ವಾತಂತ್ರ್ಯ ಕೇಳಿದ ಈಸೂರಿನ ಐವರನ್ನು ಗಲ್ಲಿಗೇರಿಸಿತು. ಕೊಟ್ಟ ದುಡ್ಡು ಪ್ರಜೆಗಳದು. ಯಾವ ಸ್ವಾತಂತ್ರ್ಯಕ್ಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಗ್ರೀನ್ ಪಾರ್ಕಿನ ಸ್ಮಾರಕಕ್ಕೆ ಮರಳೋಣ. ಒಂಬತ್ತು ಅಡಿ ಎತ್ತರದ ಏಳು ಕಂಚಿನ ಮೂರ್ತಿಗಳು, ಆಗ ತಾನೇ ದಾಳಿಯಿಂದ ಇಳಿದು ಬಂದವರಂತೆ, ಕೆಲವರು ಆಕಾಶದತ್ತ ನೋಡುತ್ತ ನಿಂತಿವೆ. ಬಾರದವರ ದಾರಿ ಕಾಯುತ್ತಿದ್ದಾರೆಂದು ಅರ್ಥ. ಮೇಲಿನ ಛಾವಣಿಗೆ ಬಳಸಿದ ಅಲ್ಯುಮಿನಿಯಮ್ ಒಂದು ಹ್ಯಾಲಿಫ್ಯಾಕ್ಸ್ ವಿಮಾನದ್ದು. 1944ರ ಮೇ ತಿಂಗಳಿನಲ್ಲಿ ಬೆಲ್ಜಿಯಮ್ಮಿನ ಕೆಸರಿನಲ್ಲಿ ಹೂತುಹೋದ ಆ ಕೆನಡಾ ದಳದ ವಿಮಾನವನ್ನು 1997ರಲ್ಲಿ ಅಗೆದು ತೆಗೆದಾಗ ಮೂವರು ಇನ್ನೂ ಅದರೊಳಗೇ ಇದ್ದರು. ಅವರನ್ನು ಮಣ್ಣುಮಾಡಿದ ತರುವಾಯ ಉಳಿದ ಲೋಹವು ಈ ಸ್ಮಾರಕದ ನೆತ್ತಿಗೆ ನೆರಳಾಯಿತು. ಮೂರ್ತಿಗಳ ಬಳಿಯಲ್ಲಿ, ಈ ಬಾಂಬುದಾಳಿಗಳಲ್ಲಿ ಪ್ರಾಣತೆತ್ತ ಎಲ್ಲ ರಾಷ್ಟ್ರಗಳವರನ್ನೂ ಇದು ನೆನೆಯುತ್ತದೆಂಬ ಅರ್ಥದ ಬರಹವಿದೆ. ಜರ್ಮನಿಯಿಂದ ಆಕ್ಷೇಪಣೆಗಳು ಬಂದ ಮೇಲೆ ಮೂಡಿದ ಬರಹ ಅದು. ಅಂತೂ ಕೆಳಗಿನ ಪಟ್ಟಿಕೆಗೆ ಒಂದು ಸಾಲು ದೊರೆಯಿತು.

ಲಿಂಕನ್ ಪಟ್ಟಣದ ಗುಡ್ಡದ ಮೇಲೆ 2015ರಲ್ಲಿ ನಿಲ್ಲಿಸಿದ ಕಬ್ಬಿಣದ ಸ್ತಂಭ ನನಗೆ ಇದಕ್ಕಿಂತ ಹೆಚ್ಚು ಮೆಚ್ಚಿಕೆ. ಅದರ ಎತ್ತರ 31 ಮೀಟರು, ಲ್ಯಾಂಕಾಸ್ಟರಿನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆ. ಸುತ್ತ ತುಕ್ಕಿನ ಬಣ್ಣದ ಉಕ್ಕಿನ ಗೋಡೆಗಳಲ್ಲಿ ಐವತ್ತೇಳು ಸಾವಿರಕ್ಕೂ ಮೀರಿದ ಹೆಸರುಗಳನ್ನು ಆರುಪಾರಾಗಿ ಕೊರೆದಿದ್ದಾರೆ; ಹೆಸರಿನ ಅಕ್ಷರಗಳೊಳಗಿಂದ ಬೆಳಕು ಹಾಯುತ್ತದೆ. ಹಾರಿದವರನ್ನಲ್ಲದೆ, ಆ ವಿಮಾನಗಳನ್ನು ನೆಲದ ಮೇಲೆ ಸಿದ್ಧಪಡಿಸುತ್ತ ಸತ್ತ ಗಂಡಸರನ್ನೂ ಹೆಂಗಸರನ್ನೂ ಎಣಿಸಿದುದರಿಂದ ಹಳೆಯ ಲೆಕ್ಕ ಬೆಳೆದಿದೆ. ಅಲ್ಲಿನ ಸಂಗ್ರಹದಲ್ಲಿ ಹಾರಿಹೋದವರ ಮಾತುಗಳೊಡನೆ, ಕೆಳಗೆ ನೆಲಮಾಳಿಗೆಯಲ್ಲಿ ಕುಳಿತಿದ್ದ ಜರ್ಮನರ, ಇಟಲಿಯವರ ಮಾತುಗಳನ್ನೂ ಕೂಡಿಸಿ ಇಟ್ಟಿದ್ದಾರೆ. ವೀರಗಲ್ಲಿನ ಶಿಲ್ಪಿಗೆ ಇದು ಅರ್ಥವಾಗುತ್ತಿತ್ತು.

ಇಂಗ್ಲೆಂಡಿನವರು ಕಲ್ಲಿಗಾಗಿ ಹೀಗೆ ತಡಕಾಡುತ್ತಿದ್ದಾಗ, ಮಡಿದ ಹುಡುಗರಲ್ಲಿ ಸಾವಿರಾರು ಮಂದಿ ತಾವು ಸುಟ್ಟ ಊರುಗಳ ಮಣ್ಣಿನಲ್ಲಿಯೇ ಮಲಗಿದ್ದರು. ಬರ್ಲಿನ್ನಿನ ಯುದ್ಧಶ್ಮಶಾನದ ಸುಮಾರು 3,600 ಗೋರಿಗಳಲ್ಲಿ ನೂರಕ್ಕೆ ಎಂಬತ್ತು ವೈಮಾನಿಕರದು. ಹ್ಯಾಂಬರ್ಗಿನಲ್ಲಿ ಓಲ್ಸ್‌ಡಾರ್ಫ್ ಎಂಬ ಮಹಾಶ್ಮಶಾನವಿದೆ, ಒಳಗೇ ಬಸ್ಸು ಓಡುವಷ್ಟು ವಿಸ್ತಾರವಾದುದು. ಅದರ ಒಂದು ಭಾಗದಲ್ಲಿ 1943ರ ಬೆಂಕಿಯಲ್ಲಿ ಸತ್ತ ಮೂವತ್ತಾರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಶಿಲುಬೆಯಾಕಾರದ ದೊಡ್ಡ ಕುಳಿಗಳಲ್ಲಿ ಒಟ್ಟಿಗೆ ಹೂಳಿದ್ದಾರೆ. ಒಬ್ಬೊಬ್ಬರ ಹೆಸರು ತಿಳಿಯುವಂತಿರಲಿಲ್ಲವಾಗಿ, ಅಡ್ಡಲಾಗಿಟ್ಟ ಮರದ ತೊಲೆಗಳ ಮೇಲೆ ಅಳಿದುಹೋದ ಮೊಹಲ್ಲಾಗಳ ಹೆಸರುಗಳನ್ನು ಕೆತ್ತಿದ್ದಾರೆ. ನಡುವೆ 1952ರಲ್ಲಿ ಗೆರ್ಹಾರ್ಡ್ ಮಾರ್ಕ್ಸ್ ಎಂಬ ಶಿಲ್ಪಿ ರಚಿಸಿದ ಸ್ಮಾರಕ. ಗ್ರೀಕರ ಪುರಾಣದಂತೆ ಸತ್ತವರನ್ನು ನದಿ ದಾಟಿಸುವ ಅಂಬಿಗ, ಅವನ ದೋಣಿಯಲ್ಲಿ ತಾಯಿ, ಮಗು, ಮುದುಕ. ನಮ್ಮ ವೈತರಣಿಯನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ. ಅದೇ ಶ್ಮಶಾನದ ಇನ್ನೊಂದು ಭಾಗದಲ್ಲಿ, ಕತ್ತರಿಸಿದ ಹುಲ್ಲಿನ ನಡುವೆ, ಬಿಳಿಯ ಕಲ್ಲುಗಳ ಸಾಲಿನಲ್ಲಿ ರಾಯಲ್ ಏರ್‌ಫೋರ್ಸಿನ ಹುಡುಗರಿದ್ದಾರೆ; ಕಲ್ಲಿನ ಮೇಲೆ ಹೆಸರು, ದಳ, ತಾರೀಖು, ವಯಸ್ಸು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದೇ ಹೋಗಬಹುದು.